ಮಗು ಕಣ್ಣು ಪಿಳಿಪಿಳಿ ಬಡಿಯುತ್ತದೆಯೇ? ಹೊಡೆಯಬೇಡಿ, ಗಮನಿಸಿ

ಅತ್ತೆ: ನೋಡೇ, ನಿನ್ ಮಗ ಒಂದೇ ಸಮ ಕಣ್ಣು ಪಿಳಿಪಿಳಿ ಬಡೀತಾನೆ. ಯಾರ್ನೋ ಅಣಕಿಸೋದು ಕಲ್ತವ್ನೆ. ಎರಡು ಕೊಟ್ರೆ ಸರಿಹೋಗ್ತಾನೆ.

ಸೊಸೆ: ದೃಷ್ಟಿ ಆಗಿರ್ಬೇಕು ಅಂತ ನಿನ್ನೆ ನೀವಾಳಿಸಿ ಹಾಕ್ದೆ ಅತ್ತೆ. ಇನ್ನೂ ಹಂಗೇ ಮಾಡ್ತಾನೆ.

ಇಂಥ ಮಾತು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಎಷ್ಟೋ ಮನೆಗಳ ಜಗಲಿಯಲ್ಲಿ ನಡೆಯುತ್ತದೆ. ಒಬ್ಬರು ಚೇಷ್ಟೆ ಅನ್ನುತ್ತಾರೆ. ಇನ್ನೊಬ್ಬರು ದೃಷ್ಟಿ ಅನ್ನುತ್ತಾರೆ. ಮಗುವಿನ ಕಣ್ಣನ್ನು ಮಾತ್ರ ಯಾರೂ ಸರಿಯಾಗಿ ನೋಡಿರುವುದಿಲ್ಲ. ಬನ್ನಿ, ನಾವೆಲ್ಲ ಸೇರಿ ಇದನ್ನು ತಿಳಿದುಕೊಳ್ಳೋಣ.

ರೆಪ್ಪೆ ಯಾಕೆ ಬಡಿಯುತ್ತದೆ?

ರೆಪ್ಪೆ ಕಣ್ಣಿನ ಬಾಗಿಲು. ಅದು ಮುಚ್ಚಿ ತೆರೆದಾಗಲೆಲ್ಲ ಕಣ್ಣೀರು ಕಣ್ಣಿನ ಮೇಲೆ ತೆಳ್ಳಗೆ ಹರಡುತ್ತದೆ. ಧೂಳು ತೊಳೆದು ಹೋಗುತ್ತದೆ. ಕಣ್ಣು ಒಣಗುವುದಿಲ್ಲ. ದೊಡ್ಡವರು ಒಂದು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತಾರೆ. ಹಸುಗೂಸು ಅದಕ್ಕಿಂತ ತುಂಬಾ ಕಡಿಮೆ ಬಡಿಯುತ್ತದೆ. ಮಗು ಇದ್ದಕ್ಕಿದ್ದಂತೆ ಹೆಚ್ಚು ಬಡಿಯತೊಡಗಿದರೆ ಅದಕ್ಕೆ ಏನೋ ಕಾರಣ ಇರುತ್ತದೆ.

ಗಮನಿಸುವುದು ಹೇಗೆ?

ಮಗುವಿಗೆ ಗೊತ್ತಾಗದಂತೆ ಎರಡು ಮೂರು ದಿನ ನೋಡಿ.

1. ಒಂದು ಕಣ್ಣೋ, ಎರಡು ಕಣ್ಣೋ?
2. ಕಣ್ಣು ಉಜ್ಜಿಕೊಳ್ಳುತ್ತದೆಯೇ? ಕೆಂಪಾಗಿದೆಯೇ?
3. ಓದುವಾಗ ಹೆಚ್ಚೋ, ಬಿಸಿಲಲ್ಲಿ ಹೆಚ್ಚೋ, ಮೊಬೈಲು ನೋಡಿದ ಮೇಲೆ ಹೆಚ್ಚೋ?
4. ಆಗ ಹೆಸರು ಹಿಡಿದು ಕರೆದರೆ ಓಗೊಡುತ್ತದೆಯೇ?

ಈ ನಾಲ್ಕು ಪ್ರಶ್ನೆಗಳ ಉತ್ತರ ಡಾಕ್ಟರಿಗೆ ತುಂಬಾ ಉಪಯೋಗ ಆಗುತ್ತದೆ.

ಧೂಳು ಮತ್ತು ಹೊಗೆ

ನಮ್ಮದು ತೆಂಗಿನ ಸೀಮೆ. ಕಾಯಿ ಸುಲಿಯುವಾಗ ಜುಂಗು ಹಾರುತ್ತದೆ. ನಾರು ಬಡಿಯುವ ಕಡೆ ಪುಡಿ ಏಳುತ್ತದೆ. ಚಿಪ್ಪು ಸುಟ್ಟು ಇದ್ದಲು ಮಾಡುವ ಕಡೆ ಹೊಗೆ. ಸ್ನಾನದ ಒಲೆಗೆ ಗರಿ, ಸಿಪ್ಪೆ ಹಾಕಿದರೂ ಹೊಗೆ. ಬೇಲಿಯ ಪಕ್ಕದ ಕಾಂಗ್ರೆಸ್ ಗಿಡದ ಹೂವಿನ ಪುಡಿಯೂ ಕೆಲವರಿಗೆ ಒಗ್ಗುವುದಿಲ್ಲ. ಆಗ ಕಣ್ಣು ಕಡಿಯುತ್ತದೆ, ಕೆಂಪಾಗುತ್ತದೆ, ನೀರು ಸುರಿಯುತ್ತದೆ. ಮಗು ಉಜ್ಜುತ್ತದೆ, ರೆಪ್ಪೆ ಬಡಿಯುತ್ತದೆ. ಇದಕ್ಕೆ ಅಲರ್ಜಿ ಎನ್ನುತ್ತಾರೆ. ಬೇಸಿಗೆಯಲ್ಲಿ ಇದು ಜಾಸ್ತಿ.

ಕಾಯಿ ಸುಲಿಯುವ ಕಡೆಯಿಂದ ಮಗುವನ್ನು ದೂರ ಇಡಿ. ಶುದ್ಧ ನೀರಿನಿಂದ ಕಣ್ಣು ತೊಳೆಯಿರಿ. ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಡಿ. ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಅದರಿಂದ ಕಣ್ಣಿಗೆ ನಂಜು ತಗಲಬಹುದು.

ಇನ್ನೊಂದು ಮಾತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಡ್ರಾಪ್ಸ್ ಹಾಕಬೇಡಿ. ಕೆಲವು ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಾಕಿದ ಕೂಡಲೇ ಕಡಿತ ನಿಲ್ಲುತ್ತದೆ. ಆದರೆ ಡಾಕ್ಟರು ಹೇಳದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒಳಗಿನ ಒತ್ತಡ ಏರಬಹುದು. ಪೊರೆಯೂ ಬರಬಹುದು. ಹಾಗೆ ಹೋದ ದೃಷ್ಟಿ ಕೆಲವು ಸಲ ವಾಪಸ್ಸು ಬರುವುದಿಲ್ಲ.

ಬೋರ್ಡು ಕಾಣದ ಮಗು

ದೂರದ್ದು ಮಸುಕಾಗಿ ಕಂಡರೆ ಮಗು ಕಣ್ಣು ಕಿರಿದು ಮಾಡುತ್ತದೆ, ಬಡಿಯುತ್ತದೆ. ಬೋರ್ಡಿನ ಮೇಲಿನದನ್ನು ತಪ್ಪಾಗಿ ಬರೆದುಕೊಳ್ಳುತ್ತದೆ. ಟಿವಿ ಹತ್ತಿರಕ್ಕೆ ಹೋಗಿ ಕೂರುತ್ತದೆ. ಬಿಸಿಲಿಗೆ ಬಂದ ಕೂಡಲೇ ಒಂದೇ ಕಣ್ಣು ಮುಚ್ಚುವ ಮಗುವಿಗೆ ಮೆಳ್ಳೆಗಣ್ಣು ಇರಬಹುದು. 'ನನಗೆ ಕಾಣಲ್ಲ' ಎಂದು ಚಿಕ್ಕ ಮಗು ಹೇಳುವುದಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಿ. ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿಗಳನ್ನು ದೂರದಿಂದ ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡಕ್ಕೂ ವ್ಯತ್ಯಾಸ ಕಂಡರೆ ತಡಮಾಡಬೇಡಿ. ಒಂದು ಕಣ್ಣು ಮಂಜಾಗಿದ್ದರೆ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಏಳು ಎಂಟು ವರ್ಷದೊಳಗೆ ಚಿಕಿತ್ಸೆ ಮಾಡಿದರೆ ಒಳ್ಳೆಯ ಫಲ ಸಿಗುತ್ತದೆ. ಆಮೇಲೆ ಕಷ್ಟ. ಹೆಣ್ಣು ಮಗುವಿಗೆ ಕನ್ನಡಕ ಯಾಕೆ ಎನ್ನಬೇಡಿ. ಕಣ್ಣಿಗೆ ಗಂಡು ಹೆಣ್ಣು ಎಂಬ ಭೇದ ಇಲ್ಲ.

ಮೊಬೈಲು

ಮೊಬೈಲು ನೋಡುವಾಗ ಮಗು ರೆಪ್ಪೆ ಬಡಿಯುವುದನ್ನೇ ಮರೆಯುತ್ತದೆ. ಕಣ್ಣು ಒಣಗುತ್ತದೆ. ಆಮೇಲೆ ಉರಿ ತಾಳದೆ ಪಿಳಿಪಿಳಿ ಬಡಿಯುತ್ತದೆ. ಊಟ ಮಾಡಿಸಲಿಕ್ಕೆ ಮೊಬೈಲು ಕೊಡುವುದನ್ನು ನಿಲ್ಲಿಸಿ. ಮಗುವನ್ನು ಬಯಲಲ್ಲಿ ಆಡಲು ಬಿಡಿ.

ತಾನಾಗಿ ಬರುವ ಮಿಟುಕು

ಕಣ್ಣಿನಲ್ಲಿ ಏನೂ ತೊಂದರೆ ಇಲ್ಲ. ಆದರೂ ಮಗು ಕಣ್ಣು ಮಿಟುಕಿಸುತ್ತದೆ. ಕೆಲವು ಮಕ್ಕಳು ಮೂಗು ಸುಕ್ಕಿಸುತ್ತಾರೆ, ಭುಜ ಕುಣಿಸುತ್ತಾರೆ. ಇದನ್ನು ಡಾಕ್ಟರುಗಳು 'ಟಿಕ್' ಎನ್ನುತ್ತಾರೆ. ಐದಾರು ವರ್ಷದ ಆಸುಪಾಸಿನಲ್ಲಿ ಶುರುವಾಗುವುದು ಹೆಚ್ಚು. ಗಂಡು ಮಕ್ಕಳಲ್ಲಿ ಜಾಸ್ತಿ. ದಣಿವು, ಭಯ, ಪರೀಕ್ಷೆ ಬಂದಾಗ ಏರುತ್ತದೆ. ಮಲಗಿದಾಗ ಸಾಮಾನ್ಯವಾಗಿ ಇರುವುದಿಲ್ಲ.

ಮಗು ಇದನ್ನು ಬೇಕೆಂದು ಮಾಡುವುದಿಲ್ಲ. ಸೀನು ಬಂದ ಹಾಗೆ ಇದೂ ಬರುತ್ತದೆ. ಸೀನಿದ ಮಗುವಿಗೆ ಯಾರಾದರೂ ಹೊಡೆಯುತ್ತಾರೆಯೇ? ಬೈದರೆ, ಹೊಡೆದರೆ, ನೆಂಟರ ಮುಂದೆ ಆಡಿಕೊಂಡರೆ ಭಯ ಹೆಚ್ಚುತ್ತದೆ. ಭಯ ಹೆಚ್ಚಿದರೆ ಮಿಟುಕೂ ಹೆಚ್ಚುತ್ತದೆ. ಗಮನಿಸಿಯೂ ಗಮನಿಸದಂತೆ ಇರುವುದೇ ಇದಕ್ಕೆ ಮದ್ದು. ಚೆನ್ನಾಗಿ ನಿದ್ದೆ ಮಾಡಿಸಿ. ಬಹಳ ಮಕ್ಕಳಿಗೆ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಒಂದು ವರ್ಷ ದಾಟಿದರೆ, ಜೊತೆಗೆ ಬಾಯಲ್ಲಿ ಸದ್ದೂ ಬಂದರೆ ಡಾಕ್ಟರಿಗೆ ತೋರಿಸಿ. ಶಾಲೆಯ ಟೀಚರಿಗೂ ಹೇಳಿ. ಆಗ ಬೇರೆ ಮಕ್ಕಳು ಅಣಕಿಸದಂತೆ ಅವರು ನೋಡಿಕೊಳ್ಳುತ್ತಾರೆ.

ಊಟದಲ್ಲಿ ಸೊಪ್ಪು

'ಎ' ಜೀವಸತ್ವ ಕಡಿಮೆಯಾದರೆ ಕಣ್ಣು ಒಣಗುತ್ತದೆ. ಮುಸ್ಸಂಜೆಯಲ್ಲಿ ಮಗು ಎಡವುತ್ತದೆ. ಇದೇ ಇರುಳುಗಣ್ಣು. ನುಗ್ಗೆ ಸೊಪ್ಪು, ಪಪ್ಪಾಯಿ, ಸಿಹಿಕುಂಬಳ, ಮೊಟ್ಟೆ ಕೊಡಿ. ತೆಂಗಿನಕಾಯಿಯಲ್ಲಿ 'ಎ' ಜೀವಸತ್ವ ಇಲ್ಲ. ಆದರೆ ಸೊಪ್ಪಿನ ಪಲ್ಯಕ್ಕೆ ಕಾಯಿತುರಿ ಹಾಕಿದರೆ ಅದರ ಜಿಡ್ಡಿನಿಂದ ಸೊಪ್ಪಿನ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಮಗುವಿಗೆ 9 ತಿಂಗಳಾದಾಗಿನಿಂದ 5 ವರ್ಷದೊಳಗೆ 9 ಸಲ 'ಎ' ಜೀವಸತ್ವದ ಸಿರಪ್ಪು ಕುಡಿಸುತ್ತಾರೆ. ತಪ್ಪಿಸಬೇಡಿ.

ಕೂಡಲೇ ಆಸ್ಪತ್ರೆಗೆ ಹೋಗಿ

- ಕಣ್ಣಿಗೆ ಪೆಟ್ಟು ಬಿದ್ದಿದ್ದರೆ, ಚೂರು ಸಿಕ್ಕಿದ್ದರೆ.
- ನೋವು ಹೆಚ್ಚಾಗಿ ಬೆಳಕು ನೋಡಲು ಆಗದಿದ್ದರೆ.
- ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ. ಇದು ಗಡ್ಡೆಯ ಗುರುತೂ ಆಗಿರಬಹುದು.
- ಆಡುತ್ತಿದ್ದ ಮಗು ಕೆಲವು ಕ್ಷಣ ಹಾಗೇ ನಿಂತು, ರೆಪ್ಪೆ ಬಡಿಯುತ್ತಾ, ಕರೆದರೂ ಓಗೊಡದಿದ್ದರೆ. ಇದು ಮೂರ್ಛೆ ರೋಗದ ಒಂದು ಬಗೆ ಇರಬಹುದು. ಇದಕ್ಕೆ ಔಷಧಿ ಇದೆ.

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆಗೆ ತುಮಕೂರಿನ ಜಿಲ್ಲಾ ಆಸ್ಪತ್ರೆ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರ ತಂಡ ಶಾಲೆಗೂ ಅಂಗನವಾಡಿಗೂ ಬರುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ. ಶಾಲೆಯ ಮಕ್ಕಳಿಗೆ ಸರ್ಕಾರದಿಂದ ಉಚಿತ ಕನ್ನಡಕವೂ ಸಿಗುತ್ತದೆ. ಕೇಳಿ ಪಡೆಯಿರಿ.

ಓದಿ, ಉತ್ತರ ಹೇಳಿ

1. ಟಿಕ್ ಇರುವ ಮಗುವಿಗೆ ಬೈದರೆ ಏನಾಗುತ್ತದೆ?
2. ಅಂಗಡಿಯಿಂದ ತಂದ ಡ್ರಾಪ್ಸ್ ಯಾಕೆ ಹಾಕಬಾರದು?
3. ಯಾವಾಗ ಕೂಡಲೇ ಆಸ್ಪತ್ರೆಗೆ ಹೋಗಬೇಕು?

ಮಾಡಿ ನೋಡಿ

ಇವತ್ತು ಸಂಜೆ ಮನೆಯ ಪ್ರತಿ ಮಗುವಿಗೂ ಕ್ಯಾಲೆಂಡರ್ ಪರೀಕ್ಷೆ ಮಾಡಿ. ಮಗುವಿನ ಹೆಸರು, ಯಾವ ಕಣ್ಣಿಗೆ ಎಷ್ಟು ಕಂಡಿತು ಎಂದು ನಿಮ್ಮ ಕೈಯಾರೆ ಚೀಟಿಯಲ್ಲಿ ಬರೆಯಿರಿ. ಆಸ್ಪತ್ರೆಗೆ ಹೋಗುವಾಗ ಆ ಚೀಟಿ ಜೊತೆಯಲ್ಲಿರಲಿ.