ನರಿಯ ಲಾಡಿಹುಳು ದೂರ ಐತಿ, ನಾಯಿಯದು ಅಂಗಳದಾಗೇ ಐತಿ

ಹೋದ ವಾರ ಆಲಮೇಲ ಕಡೆಯ ಹುಡುಗನೊಬ್ಬ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸಿದ್ದ. ತೊಗರಿ ಹೊಲದ ಬದುವಿನ ಮೇಲೆ ಗುಳ್ಳೆನರಿ. "ಯುರೋಪಿನಾಗ ನರಿ ಲಾಡಿಹುಳು ಹಬ್ಬಿಸಾಕತ್ತಾವಂತ ಓದಿದೆ. ಇದನ್ನ ಹೊಡೀಲೇನ್ರಿ?" ಅಂತ ಕೇಳಿದ್ದ.

ಬ್ಯಾಡ ತಮ್ಮಾ. ಗುಳ್ಳೆನರಿ ಹೊಲದ ಇಲಿ ತಿನ್ನುವ ಪ್ರಾಣಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೊಂದರೆ ಅಪರಾಧ ಬೇರೆ.

ಆದರೆ ಓದಿದ್ದು ಸುಳ್ಳಲ್ಲ. 1980ರ ದಶಕದವರೆಗೆ ಆ ಹುಳು ಯುರೋಪಿನಲ್ಲಿ ಮುಖ್ಯವಾಗಿ ದಕ್ಷಿಣ ಜರ್ಮನಿ, ಪೂರ್ವ ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾದಲ್ಲಿ ಗೊತ್ತಿತ್ತು. ಆಮೇಲೆ ಪೋಲೆಂಡ್, ನೆದರ್‌ಲೆಂಡ್ಸ್, ಡೆನ್ಮಾರ್ಕ್‌ನಲ್ಲಿ ಸಿಕ್ಕಿತು, 2011ರಲ್ಲಿ ಸ್ವೀಡನ್‌ನಲ್ಲೂ. ಕಾಡಿನಲ್ಲಿ ರೇಬೀಸ್ ಲಸಿಕೆಯ ತಿನಿಸು ಹಾಕಿದ ಮೇಲೆ ನರಿಗಳು ಸಾಯೋದು ಕಡಿಮೆಯಾಗಿ ಸಂಖ್ಯೆ ಏರಿದ್ದು ಒಂದು ಕಾರಣ. ಆದರೆ ಅದು ಚಳಿ ಸೀಮೆಯ ಹುಳು. ಅಲ್ಲಿಯ ನರಿ ಮತ್ತು ಹೊಲದ ಇಲಿಗಳ ನಡುವೆ ತಿರುಗುತ್ತದೆ.

ನಮ್ಮಲ್ಲಿರೋದು ಅದರ ದಾಯಾದಿ, ಎಕಿನೊಕಾಕಸ್ ಗ್ರ್ಯಾನ್ಯುಲೋಸಸ್. ಇದು ತಿರುಗೋದು ನಾಯಿ ಮತ್ತು ಕುರಿ, ಆಡು, ದನಗಳ ನಡುವೆ.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಕುರಿ ಕೊಯ್ದಾಗ ಪುಪ್ಪುಸದಾಗ ಲಿಂಬಿಕಾಯಿಯಷ್ಟು ನೀರುಗುಳ್ಳೆ ಇತ್ತು. ತಿನ್ನಾಕ ಬರಂಗಿಲ್ಲಂತ ನಾನೇ ಕೊರೆದು ನಾಯಿಗೆ ಎಸೆದೆ. ಓದಿದವನೂ ಮಾಡುವ ತಪ್ಪು ಅದು. ಗುಳ್ಳೆಯೊಳಗಿನ ಮರಳಿನಂಥ ಒಂದೊಂದು ಕಣವೂ ನಾಯಿಯ ಕರುಳಲ್ಲಿ ಒಂದೊಂದು ಹುಳು ಆಗಬಲ್ಲದು. ಹುಳು ಬರೀ 3ರಿಂದ 6 ಮಿಲಿಮೀಟರ್, ನಾಯಿ ಗಟ್ಟಿಮುಟ್ಟಾಗೇ ಇರ್ತದ, ಹಂಗಾಗಿ ಗೊತ್ತೇ ಆಗಂಗಿಲ್ಲ. ಆರೇಳು ವಾರಕ್ಕೆ ಹೇಲಿನಲ್ಲಿ ತತ್ತಿ ಬೀಳಾಕ ಶುರು. ಆ ತತ್ತಿ ನಾಯಿಯ ಕೂದಲಿಗೆ, ಕೊತ್ತಂಬರಿ ಮಡಿಗೆ, ನಾಯಿ ಮುಟ್ಟಿದ ಮಕ್ಕಳ ಕೈಗೆ ಅಂಟುತ್ತದೆ. ಕುರಿಮಾಂಸ ತಿಂದರೆ ಮನುಷ್ಯರಿಗೆ ಈ ರೋಗ ಬರಂಗಿಲ್ಲ, ತತ್ತಿ ಬಾಯಿಗೆ ಹೋದರೆ ಬರ್ತದ. ಲಿವರ್ ಅಥವಾ ಪುಪ್ಪುಸದಲ್ಲಿ ಗುಳ್ಳೆ ವರ್ಷಗಟ್ಟಲೆ ನೋವಿಲ್ಲದೆ ಬೆಳೆದು, ಕಡೆಗೆ ಆಪರೇಷನ್ ತನಕ ಒಯ್ಯಬಹುದು.

ಅದಕ್ಕ ಗುಳ್ಳೆ ಇದ್ದ ಅಂಗ ಸಿಕ್ಕರೆ ಸುಡ್ರಿ, ಇಲ್ಲಾ ನಾಯಿ ಕೆದರದಷ್ಟು ಆಳಕ್ಕೆ ಹುಗೀರಿ. ತಲೆಯನ್ನೂ ನಾಯಿಗೆ ಹಾಕಬ್ಯಾಡ್ರಿ, ಕುರಿ ಒಂದೇ ಕಡೆ ಗಿರಗಿರ ತಿರುಗುವ ರೋಗದ ಹುಳು ಮಿದುಳಿನಿಂದಲೇ ನಾಯಿಗೆ ದಾಟುತ್ತದೆ. ನಾಯಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಗುಳಿಗಿ ಕೊಡ್ರಿ. ಲೆಕ್ಕ ಕಿಲೋ ತೂಕಕ್ಕೆ 5 ಮಿಲಿಗ್ರಾಂ, ಅಂದ್ರ 20 ಕಿಲೋ ನಾಯಿಗೆ 100. ತೂಕ ಅಂದಾಜು ಆಗದಿದ್ರೆ ಪಶುವೈದ್ಯರನ್ನ ಕೇಳ್ರಿ. ಗುಳಿಗಿ ಹುಳುವನ್ನ ಕೊಲ್ತದ, ತತ್ತಿಯನ್ನಲ್ಲ. ಎರಡು ದಿನ ನಾಯಿ ಕಟ್ಟಿಹಾಕಿ ಹೇಲನ್ನ ಸುಡಬೇಕು.

ಹೊಲದಾಗ ಕುರಿ ತರುಬಲು ಬಂದವರ ನಾಯಿಗಳಿಗೂ ಗುಳಿಗಿ ಕೊಡಿಸ್ರಿ. ಮರುದಿನ ಅವರು ಇನ್ನೊಬ್ಬರ ಹೊಲಕ್ಕೆ ಹೋಗ್ತಾರ.