ನೆಲದಡಿಯ ಎಣ್ಣೆ ಪೈಪು: ತಾಮ್ರ ಅಗ್ಗ, ಮಣ್ಣು ದುಬಾರಿ

ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ನ್ಯೂಯಾರ್ಕ್ ಮುಂತಾದ ಅಮೆರಿಕದ ಈಶಾನ್ಯ ರಾಜ್ಯಗಳ ಹಳೆಯ ಮನೆಗಳಲ್ಲಿ ಚಳಿಗಾಲದ ಕಾವಿಗೆ ಇಂದಿಗೂ ಹೀಟಿಂಗ್ ಆಯಿಲ್ ಬಳಕೆಯಲ್ಲಿದೆ. ಅದು ಹೆಚ್ಚುಕಡಿಮೆ ಡೀಸೆಲ್ಲೇ. ರಸ್ತೆ ತೆರಿಗೆ ಇಲ್ಲದ ಎಣ್ಣೆಯೆಂದು ಗುರುತಿಸಲು ಕೆಂಪು ಬಣ್ಣ ಬೆರೆಸಿರುತ್ತಾರೆ. ನೆಲಮಾಳಿಗೆಯಲ್ಲಿ ಸಾಮಾನ್ಯವಾಗಿ 275 ಗ್ಯಾಲನ್, ಅಂದರೆ ಸುಮಾರು 1,040 ಲೀಟರ್ ಹಿಡಿಯುವ ಟ್ಯಾಂಕು. ಅಲ್ಲಿಂದ ಬರ್ನರ್‌ವರೆಗೆ ಕಿರುಬೆರಳ ಗಾತ್ರದ ತಾಮ್ರದ ಪೈಪು. ಹಲವು ಮನೆಗಳಲ್ಲಿ ಈ ಪೈಪು ಕಾಂಕ್ರೀಟ್ ನೆಲದಡಿ ಹೂತುಹೋಗಿರುತ್ತದೆ. ಹೊದಿಕೆಯಿಲ್ಲದ ತಾಮ್ರ ಕಾಂಕ್ರೀಟಿಗೂ ಒದ್ದೆ ಮಣ್ಣಿಗೂ ತಾಗಿಕೊಂಡೇ ಇದ್ದರೆ ಕಾಲಕ್ರಮದಲ್ಲಿ ಸವೆದು ತೂತು ಬೀಳುತ್ತದೆ.

ತೂತು ಎಲ್ಲಿದೆ ಎನ್ನುವುದರ ಮೇಲೆ ಲಕ್ಷಣವೂ ಬೇರೆ. ಬರ್ನರ್ ಪಂಪು ಎಣ್ಣೆ ಎಳೆದುಕೊಳ್ಳುವ ಪೈಪು ತೂತಾದರೆ ಗಾಳಿ ಒಳಸೇರಿ ಬರ್ನರ್ ಮತ್ತೆ ಮತ್ತೆ ನಿಲ್ಲುತ್ತದೆ. ಮೆಕ್ಯಾನಿಕ್ ಪಂಪಿನ ಬ್ಲೀಡರ್ (ಗಾಳಿ ಹೊರಬಿಡುವ ತಿರುಪು) ಸಡಿಲಿಸಿ ಪಾರದರ್ಶಕ ಕೊಳವೆ ಸಿಕ್ಕಿಸಿದಾಗ ಕೆಂಪು ಎಣ್ಣೆ ನೊರೆನೊರೆಯಾಗಿ, ಬಿಟ್ಟುಬಿಟ್ಟು ಬರುತ್ತದೆ. ಈ ಹಂತದಲ್ಲಿ ರೀಸೆಟ್ ಗುಂಡಿಯನ್ನು ಪದೇಪದೇ ಒತ್ತಬಾರದು. ಉರಿಯದ ಎಣ್ಣೆ ಒಲೆಯೊಳಗೆ ತುಂಬಿಕೊಳ್ಳುತ್ತದೆ. ಹೆಚ್ಚಾದ ಎಣ್ಣೆಯನ್ನು ಟ್ಯಾಂಕಿಗೆ ಮರಳಿಸುವ ಎರಡನೇ ಪೈಪು ತೂತಾದರೆ ಅಪಾಯ ಇನ್ನೂ ಹೆಚ್ಚು. ಬರ್ನರ್ ಎಂದಿನಂತೆ ಉರಿಯುತ್ತಲೇ ಇರುತ್ತದೆ, ಎಣ್ಣೆ ಮಾತ್ರ ಮಣ್ಣು ಸೇರುತ್ತಿರುತ್ತದೆ. ಚಳಿ ಅಷ್ಟೇ ಇದ್ದರೂ ಹಿಂದಿನ ವರ್ಷಕ್ಕಿಂತ ಹೆಚ್ಚು ಗ್ಯಾಲನ್ ಖರ್ಚಾಗಿದ್ದರೆ ಅದನ್ನು ಮೊದಲು ತೋರಿಸುವುದು ಎಣ್ಣೆಯ ಬಿಲ್ಲು. ಹಾಗಾಗಿ ಹಳೆಯ ಬಿಲ್ಲುಗಳನ್ನು ಎಸೆಯಬಾರದು.

ಸೋರಿಕೆ ಖಚಿತವಾದರೆ ಮೊದಲು ಬರ್ನರ್ ನಿಲ್ಲಿಸಿ ಟ್ಯಾಂಕಿನ ವಾಲ್ವ್ ಮುಚ್ಚಬೇಕು. ಮ್ಯಾಸಚೂಸೆಟ್ಸ್‌ನಲ್ಲಿ 10 ಗ್ಯಾಲನ್ ಅಥವಾ ಹೆಚ್ಚು ಎಣ್ಣೆ ಸೋರಿದ್ದರೆ, ವಿಷಯ ತಿಳಿದ 2 ಗಂಟೆಯೊಳಗೆ ರಾಜ್ಯದ ಪರಿಸರ ಇಲಾಖೆಗೆ ತಿಳಿಸಬೇಕು. ಅಂಗಳ ಅಗೆಯಬೇಕಾದರೆ ಅದಕ್ಕೂ ಮುನ್ನ 811ಕ್ಕೆ ಕರೆ ಮಾಡಿದರೆ ಗ್ಯಾಸ್, ವಿದ್ಯುತ್ ಮಾರ್ಗಗಳನ್ನು ಉಚಿತವಾಗಿ ಗುರುತು ಮಾಡಿಕೊಡುತ್ತಾರೆ.

ಹೂತ ಪೈಪಿಗೆ ತೇಪೆ ಹಾಕಿಸುವುದು ದಂಡದ ಖರ್ಚು. ಒಂದು ಕಡೆ ಸವೆದ ಪೈಪು ಉಳಿದ ಕಡೆಯೂ ಅದೇ ಹಾದಿಯಲ್ಲಿರುತ್ತದೆ. ಹಳೆಯದರಲ್ಲಿನ ಎಣ್ಣೆ ತೆಗೆದು, ಎರಡೂ ತುದಿ ಮುಚ್ಚಿ, ಪ್ಲಾಸ್ಟಿಕ್ ಹೊದಿಕೆಯ ಹೊಸ ತಾಮ್ರದ ಪೈಪನ್ನು ನಡುವೆ ಜೋಡಣೆಯಿಲ್ಲದಂತೆ ಕಣ್ಣಿಗೆ ಕಾಣುವ ಕಡೆ ಎಳೆಸುವುದು ಸರಿಯಾದ ಕ್ರಮ. ತುದಿಗಳಲ್ಲಿ ಫ್ಲೇರ್ ಫಿಟಿಂಗ್ ಇರಬೇಕು. ಎಣ್ಣೆ ಪೈಪಿಗೆ ಕಂಪ್ರೆಷನ್ ಫಿಟಿಂಗ್ ನಿಷಿದ್ಧ. ಟ್ಯಾಂಕಿನ ಬಳಿ ಸೇಫ್ಟಿ ವಾಲ್ವ್ ಹಾಕಿಸಿದರೆ, ಪೈಪು ಒಡೆದಾಗ ಎಣ್ಣೆ ಹರಿಯುವುದು ತಾನಾಗಿ ನಿಲ್ಲುತ್ತದೆ. ಗಾಳಿ ಬೇರ್ಪಡಿಸುವ ಸಾಧನ ಕೂಡಿಸಿದರೆ, ಟ್ಯಾಂಕಿನವರೆಗೆ ಮರಳುವ ಪೈಪಿನ ಅಗತ್ಯವೇ ಇರುವುದಿಲ್ಲ.

2008ರ ಮ್ಯಾಸಚೂಸೆಟ್ಸ್ ಕಾನೂನು ಹೆಚ್ಚಿನ ಮನೆಗಳಿಗೆ ಹೊದಿಕೆಯ ಪೈಪು ಅಥವಾ ಸೇಫ್ಟಿ ವಾಲ್ವ್ ಕಡ್ಡಾಯ ಮಾಡಿತು. ಆಗ ಈ ಕೆಲಸಕ್ಕೆ ಪರಿಸರ ಇಲಾಖೆ ಅಂದಾಜಿಸಿದ್ದು 150ರಿಂದ 350 ಡಾಲರ್. ಸೋರಿಕೆ ಸ್ವಚ್ಛಗೊಳಿಸುವ ಖರ್ಚು ಇಲಾಖೆಯ ಲೆಕ್ಕದಲ್ಲೇ 15,000 ಡಾಲರ್ ಮುಟ್ಟಬಹುದು. ಎಣ್ಣೆ ಅಂತರ್ಜಲ ಸೇರಿದರೆ 2,50,000 ಡಾಲರ್ ದಾಟಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತಾಗುವುದು ಹೀಗೆ.

ಸಾಮಾನ್ಯ ಗೃಹವಿಮೆಯಲ್ಲಿ ಮಾಲಿನ್ಯದ ಹಾನಿ ಬಹುತೇಕ ಸೇರಿರುವುದಿಲ್ಲ. ಅದೇ ಕಾನೂನಿನಂತೆ ಮ್ಯಾಸಚೂಸೆಟ್ಸ್‌ನ ವಿಮಾ ಕಂಪನಿಗಳು ಎಣ್ಣೆ ಸೋರಿಕೆಯ ಹೆಚ್ಚುವರಿ ರಕ್ಷಣೆಯನ್ನು ನೀಡಲು ಮುಂದಾಗಬೇಕು. ಅದನ್ನು ಕೊಳ್ಳುವುದು ಮಾಲೀಕರ ಆಯ್ಕೆ. ಬಾಸ್ಟನ್ ಸುತ್ತ ಹಳೆಯ ಮನೆ ಕೊಳ್ಳುವ ಬೆಂಗಳೂರಿನ ಕುಟುಂಬಗಳಿಗೆ ಎಣ್ಣೆ ಪೈಪೇ ಹೊಸದು. ಅಂಥವರು ಕರಾರಿಗೆ ಸಹಿ ಹಾಕುವ ಮೊದಲೇ ಪೈಪು ಎಲ್ಲಿ ಹಾದಿದೆ, ಸೇಫ್ಟಿ ವಾಲ್ವ್ ಇದೆಯೇ, ಹಳೆಯ ಸೋರಿಕೆಯ ದಾಖಲೆಯಿದೆಯೇ ಎಂದು ಕೇಳಿಕೊಳ್ಳಬೇಕು. ರಿಪೇರಿಯಾದ ಮೇಲೆ ಪರವಾನಗಿ, ಬಿಲ್ಲು, ಮಣ್ಣಿನ ಪರೀಕ್ಷೆಯ ವರದಿಗಳನ್ನು ಮನೆಪತ್ರದ ಜೊತೆಗೇ ಇಡಬೇಕು. ವಿಮೆಯ ಹಣ ಕೇಳುವಾಗಲೂ ಮನೆ ಮಾರುವಾಗಲೂ ಬೇಕಾಗುವುದು ಅವೇ.