ಜಲಚರಗಳ ಮೇಲೆ ರಾಸಾಯನಿಕಗಳ ಅಲ್ಪಾವಧಿ ವಿಷತ್ವ ಪರೀಕ್ಷೆ: ರಫ್ತುದಾರರು ಅರಿತಿರಬೇಕಾದ ಅಂಶಗಳು

ಐರೋಪ್ಯ ಒಕ್ಕೂಟಕ್ಕೆ ರಾಸಾಯನಿಕ ಪದಾರ್ಥಗಳನ್ನು ರಫ್ತು ಮಾಡುವ ಸಣ್ಣ ಉದ್ದಿಮೆದಾರರಿಂದ ಅಲ್ಲಿನ ಖರೀದಿದಾರರು ಅಪೇಕ್ಷಿಸುವ ದಾಖಲೆಗಳಲ್ಲಿ ‘ಡ್ಯಾಫ್ನಿಯಾ ಪರೀಕ್ಷಾ ವರದಿ’ಯೂ ಒಂದು. ಡ್ಯಾಫ್ನಿಯಾ ಎಂಬುದು ಸಿಹಿನೀರಿನ ಕೆರೆ ಕೊಳಗಳಲ್ಲಿ ವಾಸಿಸುವ, ಕೆಲವೇ ಮಿಲಿಮೀಟರ್ ಗಾತ್ರದ, ಬೆನ್ನುಮೂಳೆಯಿಲ್ಲದ ಜೀವಿ. ಇದು ಸೂಕ್ಷ್ಮ ಪಾಚಿಯನ್ನು ತಿಂದು ಬದುಕುತ್ತದೆ. ಇದನ್ನು ಮೀನುಗಳು ತಿನ್ನುತ್ತವೆ. ಆದ್ದರಿಂದ ಇದಕ್ಕೆ ತಗಲುವ ವಿಷದ ಪರಿಣಾಮವು ಇಡೀ ಕೆರೆಯ ಆಹಾರ ಸರಪಳಿಯನ್ನು ತಟ್ಟುತ್ತದೆ. ಪರೀಕ್ಷೆಯ ಅವಧಿ ಕೇವಲ 48 ಗಂಟೆಗಳು. ಆದರೆ ಅದರ ವರದಿ ಅಂಗೀಕೃತವಾಗುವುದೇ, ತಿರಸ್ಕೃತವಾಗುವುದೇ ಎಂಬುದು ಬಹುಮಟ್ಟಿಗೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಮುನ್ನವೇ ನಿರ್ಧಾರವಾಗಿರುತ್ತದೆ.

ಕಾನೂನಿನ ಹಿನ್ನೆಲೆ

‘ರೀಚ್’ ಎಂದು ಹೆಸರಾದ ಐರೋಪ್ಯ ನಿಯಮಾವಳಿಯು 2007ರ ಜೂನ್ 1ರಂದು ಜಾರಿಗೆ ಬಂದಿತು. ಇದರನ್ವಯ ವರ್ಷಕ್ಕೆ 1 ಟನ್ ಅಥವಾ ಅದಕ್ಕೂ ಹೆಚ್ಚು ಪ್ರಮಾಣದಲ್ಲಿ ಆಮದಾಗುವ ಪದಾರ್ಥವನ್ನು ನೋಂದಾಯಿಸತಕ್ಕದ್ದು. ಈ ಮೊದಲ ಹಂತದಲ್ಲಿಯೇ ಸಾಮಾನ್ಯವಾಗಿ ಅಕಶೇರುಕಗಳ ಮೇಲಿನ ಅಲ್ಪಾವಧಿ ವಿಷತ್ವದ ಮಾಹಿತಿ ಬೇಕಾಗುತ್ತದೆ. ಮೀನಿನ ಮೇಲಿನ ಮಾಹಿತಿ 10 ಟನ್ನಿನ ಹಂತದಲ್ಲಿ ಸೇರುತ್ತದೆ. ಭಾರತೀಯ ಉತ್ಪಾದಕರು ನೇರವಾಗಿ ನೋಂದಣಿ ಮಾಡುವಂತಿಲ್ಲ. ಅಲ್ಲಿನ ಆಮದುದಾರರ ಮೂಲಕ, ಇಲ್ಲವೇ ತಾವೇ ನೇಮಿಸಿದ ‘ಏಕೈಕ ಪ್ರತಿನಿಧಿ’ಯ ಮೂಲಕ ಮಾಡಿಸಬೇಕು.

ಪರೀಕ್ಷೆಯ ಕ್ರಮ

ಒ.ಇ.ಸಿ.ಡಿ. ಸಂಸ್ಥೆಯ 202ನೆಯ ಮಾರ್ಗಸೂಚಿಯು ಈ ಪರೀಕ್ಷೆಗೆ ಆಧಾರ. ಇದನ್ನು 2004ರಲ್ಲಿ ಪರಿಷ್ಕರಿಸಲಾಯಿತು. ಹುಟ್ಟಿ 24 ಗಂಟೆ ತುಂಬದ ಮರಿಗಳನ್ನು ಪದಾರ್ಥದ ಕನಿಷ್ಠ ಐದು ಸಾಂದ್ರತೆಯ ದ್ರಾವಣಗಳಲ್ಲಿ ಬಿಡಲಾಗುತ್ತದೆ. ಪ್ರತಿ ಸಾಂದ್ರತೆಗೂ ಕನಿಷ್ಠ 20 ಮರಿಗಳು. ಸಾಮಾನ್ಯವಾಗಿ ಐದೈದರಂತೆ ನಾಲ್ಕು ಪಾತ್ರೆಗಳು. ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್. ಪರೀಕ್ಷೆಯ ಅವಧಿಯಲ್ಲಿ ಆಹಾರ ನೀಡುವುದಿಲ್ಲ. ಪದಾರ್ಥವಿಲ್ಲದ ನೀರಿನಲ್ಲಿಯೂ ಹೋಲಿಕೆಗಾಗಿ ಮರಿಗಳನ್ನು ಇಡಲಾಗುತ್ತದೆ.

24 ಮತ್ತು 48 ಗಂಟೆಗಳ ನಂತರ ಪಾತ್ರೆಯನ್ನು ಮೆಲ್ಲನೆ ಅಲುಗಿಸಿ ನೋಡುತ್ತಾರೆ. 15 ಸೆಕೆಂಡುಗಳೊಳಗೆ ಈಜಲಾರದ ಮರಿಯನ್ನು ‘ನಿಶ್ಚಲ’ ಎಂದು ಎಣಿಸಲಾಗುತ್ತದೆ. ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಸಾಂದ್ರತೆಯೇ ‘ಇ.ಸಿ. 50’. ಈ ಅಂಕಿ ಕಡಿಮೆಯಾದಷ್ಟೂ ಪದಾರ್ಥ ಹೆಚ್ಚು ವಿಷಕಾರಿ ಎಂದರ್ಥ. ಹೋಲಿಕೆಯ ಪಾತ್ರೆಗಳಲ್ಲಿಯೇ ಶೇಕಡಾ 10ಕ್ಕಿಂತ ಹೆಚ್ಚು ಮರಿಗಳು ನಿಶ್ಚಲವಾದರೆ, ಅಥವಾ ಕೊನೆಯಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆಯಾದರೆ ಪರೀಕ್ಷೆ ಅಸಿಂಧು. ವಿಷತ್ವ ಕಡಿಮೆ ಎಂದು ನಿರೀಕ್ಷೆಯಿದ್ದಲ್ಲಿ ಲೀಟರಿಗೆ 100 ಮಿಲಿಗ್ರಾಂನ ಒಂದೇ ಸಾಂದ್ರತೆಯಲ್ಲಿ ‘ಮಿತಿ ಪರೀಕ್ಷೆ’ ನಡೆಸಲು ಅವಕಾಶವಿದೆ.

ಅಂಕಿಯ ವಾಣಿಜ್ಯ ಪರಿಣಾಮ

ಮೀನು, ಅಕಶೇರುಕ ಮತ್ತು ಪಾಚಿ ಈ ಮೂರರ ಫಲಿತಾಂಶಗಳಲ್ಲಿ ಅತ್ಯಂತ ಕಡಿಮೆಯಾದ ಅಂಕಿಯನ್ನು ವರ್ಗೀಕರಣಕ್ಕೆ ಪರಿಗಣಿಸಲಾಗುತ್ತದೆ. ಅದು ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಲೇಬಲ್ಲಿನ ಮೇಲೆ ಸತ್ತ ಮೀನು ಮತ್ತು ಒಣಮರದ ಚಿಹ್ನೆ ಕಡ್ಡಾಯ. ಬೇರೆ ಅಪಾಯಕಾರಿ ವರ್ಗಕ್ಕೆ ಸೇರದ ಸರಕು ಸಹ ಇದರಿಂದ ಸಾಗಣೆಯಲ್ಲಿ 9ನೆಯ ವರ್ಗಕ್ಕೆ ಒಳಪಡುತ್ತದೆ: ಘನ ಪದಾರ್ಥಕ್ಕೆ ವಿಶ್ವಸಂಸ್ಥೆಯ ಸಂಖ್ಯೆ 3077, ದ್ರವಕ್ಕೆ 3082. ಆಗ ಪ್ಯಾಕಿಂಗ್, ದಾಖಲೆ ಮತ್ತು ಹಡಗು ಸಾಗಣೆಯ ನಿಬಂಧನೆಗಳೂ ಬದಲಾಗುತ್ತವೆ. ಬೆಲೆ ನಿಗದಿಪಡಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.

ಮಾದರಿ ಕಳುಹಿಸುವ ಮುನ್ನ

1. ಅದೇ ಪದಾರ್ಥವನ್ನು ಬೇರೆಯವರು ಈಗಾಗಲೇ ನೋಂದಾಯಿಸಿದ್ದಾರೆಯೇ ಎಂದು ತಿಳಿಯಬೇಕು. ಹಾಗಿದ್ದಲ್ಲಿ ಹಣ ನೀಡಿ ಅವರ ಮಾಹಿತಿಯನ್ನು ಬಳಸುವ ಹಕ್ಕು ಪಡೆಯಬಹುದು; ಹೊಸ ಪರೀಕ್ಷೆಯ ಅಗತ್ಯ ಬೀಳದಿರಬಹುದು.

2. ಮಾದರಿಯು ನಿಜವಾಗಿ ರಫ್ತಾಗುವ ಸರಕಿನ ಗುಣಮಟ್ಟದ್ದೇ ಆಗಿರಬೇಕು. ವಿಶೇಷವಾಗಿ ಶುದ್ಧೀಕರಿಸಿದ ಮಾದರಿಯ ವರದಿ ಮಾರುವ ಸರಕನ್ನು ಪ್ರತಿನಿಧಿಸುವುದಿಲ್ಲ. ಬ್ಯಾಚ್ ಸಂಖ್ಯೆ, ಶುದ್ಧತೆ ಮತ್ತು ಕಲ್ಮಶಗಳ ವಿವರವುಳ್ಳ ವಿಶ್ಲೇಷಣಾ ಪತ್ರವನ್ನು ಜೊತೆಗಿಡಬೇಕು.

3. ಪದಾರ್ಥವು ನೀರಿನಲ್ಲಿ ಎಷ್ಟು ಕರಗುತ್ತದೆ, ಆವಿಯಾಗುವುದೇ, ಬೆಳಕಿಗೆ ಅಥವಾ ನೀರಿಗೆ ಒಡೆಯುವುದೇ ಎಂಬುದನ್ನು ಮೊದಲೇ ತಿಳಿಸಬೇಕು. ಆವಿಯಾಗುವ ಪದಾರ್ಥಕ್ಕೆ ಮುಚ್ಚಿದ ಪಾತ್ರೆ, ಬೆಳಕಿಗೆ ಒಡೆಯುವುದಕ್ಕೆ ಕತ್ತಲೆ ಬೇಕಾಗುತ್ತದೆ. ನೀರಿನಲ್ಲಿ ಅತಿ ಕಡಿಮೆ ಕರಗುವ ಪದಾರ್ಥಕ್ಕೆ ದೀರ್ಘಾವಧಿ ಪರೀಕ್ಷೆಯೇ ಸೂಕ್ತವಾಗಬಹುದು.

4. ದ್ರಾವಣದಲ್ಲಿನ ಸಾಂದ್ರತೆಯನ್ನು ಅಳೆಯುವ ವಿಧಾನ ಸಿದ್ಧವಿರಬೇಕು. ಸಾಂದ್ರತೆಯು ಶೇಕಡಾ 20ಕ್ಕಿಂತ ಹೆಚ್ಚು ಏರುಪೇರಾದರೆ, ತೂಗಿ ಹಾಕಿದ ಪ್ರಮಾಣದ ಬದಲು ಅಳೆದು ಪಡೆದ ಪ್ರಮಾಣದಿಂದಲೇ ಫಲಿತಾಂಶ ಲೆಕ್ಕ ಹಾಕಬೇಕಾಗುತ್ತದೆ.

5. ಪ್ರಯೋಗಾಲಯಕ್ಕೆ ‘ಉತ್ತಮ ಪ್ರಯೋಗಾಲಯ ಪದ್ಧತಿ’ಯ ಪ್ರಮಾಣಪತ್ರವಿದೆಯೇ, ಅದರ ವ್ಯಾಪ್ತಿಯಲ್ಲಿ ಜಲಚರ ಪರೀಕ್ಷೆ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಭಾರತದ ವರದಿಗೆ ಮಾನ್ಯತೆ

ಭಾರತವು ಒ.ಇ.ಸಿ.ಡಿ. ಸದಸ್ಯ ರಾಷ್ಟ್ರವಲ್ಲ. ಆದರೂ ದತ್ತಾಂಶಗಳ ಪರಸ್ಪರ ಅಂಗೀಕಾರ ವ್ಯವಸ್ಥೆಗೆ 2011ರಲ್ಲಿ ಪೂರ್ಣವಾಗಿ ಸೇರಿತು. ಆದ್ದರಿಂದ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿಯ ರಾಷ್ಟ್ರೀಯ ಪ್ರಾಧಿಕಾರದಿಂದ ಪ್ರಮಾಣಿತವಾದ ಪ್ರಯೋಗಾಲಯವು ನಿಯಮಾನುಸಾರ ನಡೆಸಿದ ಪರೀಕ್ಷೆಯನ್ನು ವಿದೇಶದಲ್ಲಿ ಮತ್ತೆ ಮಾಡಿಸಬೇಕಾಗಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಾರ್ಖಾನೆಯ ತ್ಯಾಜ್ಯನೀರಿಗೆ ನಮ್ಮ ಪರಿಸರ ಸಂರಕ್ಷಣಾ ನಿಯಮಗಳು ವಿಧಿಸುವ ಜೈವಿಕ ಪರೀಕ್ಷೆ ಬೇರೆ. ಶುದ್ಧೀಕರಿಸಿದ ತ್ಯಾಜ್ಯನೀರಿನಲ್ಲಿ 96 ಗಂಟೆಗಳ ನಂತರ ಶೇಕಡಾ 90ರಷ್ಟು ಮೀನುಗಳು ಬದುಕಿರಬೇಕೆಂಬುದು ಅದರ ನಿಯಮ. ಅದು ಹೊರಬಿಡುವ ನೀರಿಗೆ ಸಂಬಂಧಿಸಿದ್ದು. ಡ್ಯಾಫ್ನಿಯಾ ಪರೀಕ್ಷೆಯು ಮಾರುವ ಪದಾರ್ಥಕ್ಕೆ ಸಂಬಂಧಿಸಿದ್ದು. ಒಂದರ ವರದಿ ಇನ್ನೊಂದರ ಬದಲಿಗೆ ಸಲ್ಲದು.

ರಫ್ತು ಪ್ರಮಾಣ 1 ಟನ್ ಸಮೀಪಿಸುವ ಮುನ್ನವೇ ಖರೀದಿದಾರರೊಡನೆ ಸಮಾಲೋಚಿಸಿ, ಪರೀಕ್ಷೆಯ ವೆಚ್ಚವನ್ನು ಯಾರು ಭರಿಸಬೇಕು ಹಾಗೂ ವರದಿಯ ಒಡೆತನ ಯಾರದು ಎಂಬುದನ್ನು ಲಿಖಿತವಾಗಿ ನಿಶ್ಚಯಿಸಿಕೊಳ್ಳುವುದು ಕ್ಷೇಮಕರ. ವರದಿ ಆಮದುದಾರರ ಹೆಸರಿನಲ್ಲಿದ್ದರೆ ನಾಳೆ ಬೇರೊಬ್ಬ ಖರೀದಿದಾರರನ್ನು ಹುಡುಕಿಕೊಂಡಾಗ ಉತ್ಪಾದಕರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.